ಹೊದ್ದರೆ ಅಂಗಿ, ಕಟ್ಟಿದರೆ ಸೂರು

1953ರಲ್ಲಿ ಎಚ್.ಎಂ.ಟಿ. ಕಾರ್ಖಾನೆ ನೆಲೆಗೊಂಡ ಜಾಲಹಳ್ಳಿಯಲ್ಲಿ ಇಂದಿಗೂ ಹಳೆಯ ಮರಗಳ ನೆರಳುಂಟು. ಅಲ್ಲಿನ ನಮ್ಮ ಹಿತ್ತಲಿನಲ್ಲಿ ಮಗನು ಚಾರಣಕ್ಕೆ ಮುನ್ನ ಒಂದಿರುಳಿನ ಅಭ್ಯಾಸ ಹೂಡಿದನು. ಮಳೆಗೆ ಹೊದೆಯುವ ಪಾಂಚೋವನ್ನೇ ಹಗ್ಗದ ಮೇಲೆ ಹರಡಿ, ಮೂಲೆಗಳನ್ನು ಗೂಟಗಳಿಗೆ ಬಿಗಿದು, ಗಾಳಿ ಬೀಸುವ ಕಡೆಯ ಅಂಚನ್ನು ನೆಲಕ್ಕೆ ತಗ್ಗಿಸಿದನು. ತಲೆ ತೂರಿಸುವ ಕಂಡಿಯನ್ನು ದಾರದಿಂದ ಕಟ್ಟಿದನು.

ನಡುರಾತ್ರಿ ಮಳೆ ಸುರಿಯಿತು. ಗೂಟವೊಂದು ಸಡಿಲಿತು. ಬಿಗಿಯಲು ಹೊರಬಂದವನಿಗೆ ಹೊದೆಯಲು ಏನಿತ್ತು? ಅಂಗಿಯೇ ಸೂರಾಗಿತ್ತು! ತೊಯ್ದು ನಡುಗುತ್ತ ಜಗುಲಿಗೆ ಬಂದವನಿಗೆ ಅಜ್ಜನ ಕರಿಯ ಕಂಬಳಿಯನ್ನು ಹೊದಿಸಿದೆ.

ಅದನ್ನು ಕೊಪ್ಪೆ ಮಾಡಿ ತಲೆಗೇರಿಸಿಕೊಂಡೇ ನಮ್ಮ ಹಿರಿಯರು ಮಳೆಯಲ್ಲಿ ದುಡಿದರು. ನೆನೆದರೂ ಉಣ್ಣೆ ಬಿಸುಪನ್ನು ಪೂರ್ತಿ ಬಿಡದು. ಭಾರವೇನೋ ಹೆಚ್ಚು.

ಇಲ್ಲಿ ಜಗುಲಿ ಇತ್ತು; ಬೆಟ್ಟದ ಮೇಲೆ? ಮರುವಾರ ಶಿವಗಂಗೆಯ ದಾರಿ ಹಿಡಿದಾಗ ಅವನ ಚೀಲದಲ್ಲಿ ಹಗುರವಾದ ಎರಡು ಹೊದಿಕೆಗಳಿದ್ದವು: ಒಂದು ಸೂರಿಗೆ, ಒಂದು ಮೈಗೆ.