ಹೆಂಚಿನೂರಿಗೆ ಸ್ಪ್ಯಾಮ್ ಜರಡಿ

ಹೆಂಚಿಗೆ ಹೆಸರಾದ ಮಾಲೂರಿನ ಕೈಗಾರಿಕಾ ಪ್ರದೇಶದ ಯಾವುದೋ ಕಾರ್ಖಾನೆಯವರು ಸ್ವಂತ ಮೇಲ್ ಸರ್ವರ್ ಇಟ್ಟು, ಅದರಲ್ಲಿ ಸ್ಪ್ಯಾಮ್ ಸೋಸೋ ಸ್ಪ್ಯಾಮ್‌ಅಸಾಸಿನ್ ತಂತ್ರಾಂಶ ಹಾಕಿಕೊಂಡಿದ್ದಾರೆ ಅಂದುಕೊಳ್ಳಿ. ಅದರ ಜುಟ್ಟು ಇರೋದು ‘ಲೋಕಲ್ ಡಾಟ್ ಸಿಎಫ್’ ಅನ್ನೋ ಒಂದು ಸಾದಾ ಫೈಲಿನಲ್ಲಿ. ಬಂದ ಪ್ರತಿ ಮೇಲಿಗೂ ಅಂಕ ಬೀಳುತ್ತೆ. 5 ಮುಟ್ಟಿದರೆ ಸ್ಪ್ಯಾಮ್. ಆ 5ನ್ನು ಏರಿಸೋದು, ಇಳಿಸೋದು, ಗುರುತಿನ ವಿಳಾಸಗಳಿಗೆ ರಿಯಾಯಿತಿ ಕೊಡೋದು, ಎಲ್ಲ ಒಂದೊಂದು ಸಾಲಿನ ಕೆಲಸ.

ನನಗೆ ಮಜಾ ಅನ್ನಿಸಿದ್ದು ‘ಓಕೆ ಲ್ಯಾಂಗ್ವೇಜಸ್’ ಅನ್ನೋ ಸಾಲು. ಟೆಕ್ಸ್ಟ್‌ಕ್ಯಾಟ್ ಪ್ಲಗಿನ್ ಆನ್ ಮಾಡಿದರೆ ಅದು ಮೇಲ್ ಯಾವ ಭಾಷೇದು ಅಂತ ಊಹಿಸುತ್ತೆ, ಆ ಸಾಲಿನಲ್ಲಿ ಇಲ್ಲದ ಭಾಷೆ ಅನ್ನಿಸಿದರೆ ಅಂಕ ಸೇರಿಸುತ್ತೆ. ಅದು ಗುರುತಿಸೋ ಭಾಷೆಗಳ ಪಟ್ಟಿಯಲ್ಲಿ ಹಿಂದಿ, ಮರಾಠಿ, ತಮಿಳು ಇವೆ. ಸಂಸ್ಕೃತ, ಲ್ಯಾಟಿನ್ ಕೂಡ ಇವೆ (ಲ್ಯಾಟಿನ್‌ನಲ್ಲಿ ಹೆಂಚಿನ ಆರ್ಡರ್ ಯಾರು ಕಳಿಸ್ತಾರೋ!). ಕನ್ನಡ, ತೆಲುಗು ಇಲ್ಲ. ಅತ್ತ ಹೊಸೂರು, ಇತ್ತ ಕೋಲಾರ, ನಡುವೆ ಕನ್ನಡ, ತೆಲುಗು, ತಮಿಳು ಮೂರೂ ಬೆರೆಸಿ ವ್ಯಾಪಾರ ಮಾಡೋ ಊರಿದು.

ಪುಣ್ಯಕ್ಕೆ, ಏನೂ ಬರೆಯದೆ ಬಿಟ್ಟರೆ ಎಲ್ಲ ಭಾಷೆಗೂ ಬಾಗಿಲು ತೆರೆದೇ ಇರುತ್ತೆ. ಆ ಸಾಲಿನ ತಂಟೆಗೆ ಹೋಗದಿರೋದೇ ವಾಸಿ. ಬೇರೇನು ತಿದ್ದಿದರೂ ಒಮ್ಮೆ ‘ಲಿಂಟ್’ ಪರೀಕ್ಷೆ ಓಡಿಸಿ. ಬರೆದದ್ದರಲ್ಲಿ ತಪ್ಪಿದ್ದರೆ ಅಲ್ಲೇ ಬೈಯುತ್ತೆ.