ಔಟಾದವನಿಗೂ ಮರುಜೀವ

ಯಲಬುರ್ಗಾ ತಾಲ್ಲೂಕಿನ ಶಾಲೆಯೊಂದರಲ್ಲಿ ನಾನು ಶಿಕ್ಷಕನಾಗಿದ್ದಾಗ ಎರೆಮಣ್ಣಿನ ಅಂಗಳದಲ್ಲಿ ಸಂಜೆ ಕಬಡ್ಡಿ ನಡೆಯುತ್ತಿತ್ತು. ಚೆನ್ನಾಗಿ ಆಡುತ್ತಿದ್ದ ಹುಡುಗನೊಬ್ಬ ಏಳನೆಯ ತರಗತಿಯಲ್ಲೇ ತಂದೆತಾಯಿಯರೊಡನೆ ಗುಳೆ ಹೋದ. ಅವನನ್ನು ಮರಳಿ ಕರೆತರಲು ನಾನು ಹೋಗಲಿಲ್ಲ.

2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಗೆದ್ದಿದ್ದ ಬೆಂಗಳೂರು ಬುಲ್ಸ್, 2024ರ ಆವೃತ್ತಿಯಲ್ಲಿ 22 ಪಂದ್ಯಗಳ ಪೈಕಿ ಎರಡನ್ನಷ್ಟೇ ಗೆದ್ದು ಕೊನೆಯ ಸ್ಥಾನಕ್ಕಿಳಿಯಿತು. 2025ರಲ್ಲಿ ಕನ್ನಡಿಗ ಬಿ. ಸಿ. ರಮೇಶ್ ತರಬೇತುದಾರರಾಗಿ ಬಂದರು. ತಂಡ ಪ್ಲೇಆಫ್ ತಲುಪಿತಾದರೂ ಪ್ರಶಸ್ತಿ ಒಲಿಯಲಿಲ್ಲ. ಆದರೂ ನನ್ನ ಆಸೆ ಬತ್ತಿಲ್ಲ. ಕಬಡ್ಡಿಯಲ್ಲಿ ಔಟಾದವನು ಅಂಗಳದ ಹೊರಗೆ ಕುಳಿತು ಕಾಯುತ್ತಾನೆ; ಸಂಗಾತಿಯೊಬ್ಬ ಎದುರಾಳಿಯನ್ನು ಔಟ್ ಮಾಡಿದರೆ ಅವನಿಗೆ ಮರುಜೀವ.

ಆ ಹುಡುಗನಿಗಾಗಿ ಅಂದು ಉಸಿರು ಬಿಗಿಹಿಡಿದು ಗೆರೆ ದಾಟಬೇಕಾಗಿದ್ದವನು ನಾನೇ.