ಮುಳ್ಳಿನ ಸಾಕ್ಷಿ

ಕಾರಿನಲ್ಲಿ ಎಣ್ಣೆ ಎಷ್ಟಿದೆ ಎಂದು ತೋರಿಸುವ ಕಡ್ಡಿಗೆ ನಮ್ಮ ಕಡೆ ಮುಳ್ಳು ಎನ್ನುತ್ತಾರೆ. ಮನೆಯ ಉರ್ದುವಿನಲ್ಲಿ ಕಾಂಟಾ. ಅದೂ ಮುಳ್ಳೇ. ಗಡಿಯಾರದ ಮುಳ್ಳು, ತಕ್ಕಡಿಯ ಮುಳ್ಳು ಇದ್ದಂತೆ ಇದೂ ಒಂದು. ಆದರೆ ಇದು ಮನುಷ್ಯರನ್ನು ಚುಚ್ಚಲೂಬಹುದು ಎಂಬುದನ್ನು ನಾನು ಕಂಡದ್ದು ಸವಣೂರಿನ ನಮ್ಮ ಮಾಮೂ ಅವರ ಅಂಬಾಸಿಡರ್ ಕಾರಿನಲ್ಲಿ.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿದ ಈ ಕಾರು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿತ್ತು. 2014ರ ಮೇ ತಿಂಗಳಲ್ಲಿ ಅಲ್ಲಿ ಕೆಲಸ ನಿಂತಿತು. ನಿಂತ ಮೇಲೆ ಅದಕ್ಕೆ ಹೊಸ ಮರ್ಯಾದೆ ಬಂತು. ವೀಳ್ಯದೆಲೆ ವ್ಯಾಪಾರದ ಮಾಮೂ ಎಂದೋ ಕೊಂಡಿದ್ದ ಹಳೆಯ ಡೀಸೆಲ್ ಗಾಡಿಯನ್ನು ಮದುವೆ ಮನೆಯವರು ಹುಡುಕಿಕೊಂಡು ಬರತೊಡಗಿದರು. ಹಾನಗಲ್, ಶಿಗ್ಗಾವಿ, ಹಿರೇಕೆರೂರು, ಎಲ್ಲಿಯೇ ಆಗಲಿ, ಮದುಮಗ ಇಳಿಯಬೇಕಾದದ್ದು ಬಿಳಿ ಅಂಬಾಸಿಡರಿನಿಂದಲೇ. ಗಾಡಿ ಓಡಿಸುತ್ತಿದ್ದವರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತಿದ್ದೆವು. ಎಂಟು ವರ್ಷದಿಂದ ಅದೇ ಸೀಟಿನಲ್ಲಿ ಕೂತ ಮನುಷ್ಯ.

2016ರ ಮದುವೆ ಸುಗ್ಗಿಯಲ್ಲಿ ಮುಳ್ಳು ಬೀಳತೊಡಗಿತು. ಬೆಳಗ್ಗೆ ಮುಕ್ಕಾಲು ತೋರಿಸಿ ಹೊರಟ ಗಾಡಿ ಹಿರೇಕೆರೂರಿಗೆ ಹೋಗಿ ಬಂದರೆ ಕಾಲಿಗಿಂತ ಕೆಳಗೆ. ಮಾಮೂ ಲೆಕ್ಕ ಹಾಕಿದರು. ಲೆಕ್ಕ ಕೂಡಲಿಲ್ಲ. ಯಾರೂ ಕಳ್ಳ ಎನ್ನಲಿಲ್ಲ. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಬಂತು, ಬೀಗದ ಕೈ ಮಾಮೂ ಅವರ ಜುಬ್ಬಾದ ಕಿಸೆ ಸೇರಿತು, ಅಷ್ಟೇ. ಗುಮಾನಿ ಎಂಬ ಮಾತನ್ನು ಕನ್ನಡಿಗರು ಎಲ್ಲಿಂದ ತಂದರೆಂದು ಉರ್ದು ಓದಿದವರಿಗೆ ಗೊತ್ತು. ಉರ್ದುವಿನಲ್ಲಿ ಗುಮಾನ್ ಎಂದರೆ ಬರೀ ಊಹೆಯೂ ಆಗಬಹುದು, ಕೆಟ್ಟದ್ದಾದರೆ ಮುಂದೆ ಬದ್ ಸೇರಿಸಬೇಕು. ಕನ್ನಡದ ಗುಮಾನಿಗೆ ಆ ಬದ್ ಬೇಕಾಗಿಯೇ ಇಲ್ಲ.

ಕಾಕಾ ಜಗಳವಾಡಲಿಲ್ಲ. ಬಾಗುವಂಥ ತೆಳು ಬೆತ್ತ ಒಂದನ್ನು ತಂದರು. ಟ್ಯಾಂಕು ಖಾಲಿ ಮಾಡಿ, ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಐದೈದು ಲೀಟರ್ ಅಳೆದು ಸುರಿದು, ಪ್ರತಿಸಲವೂ ಬೆತ್ತ ಇಳಿಬಿಟ್ಟು ಒದ್ದೆಯಾದಲ್ಲಿಗೆ ಚಾಕುವಿನಿಂದ ಗೆರೆ ಕೊರೆದರು. ಗೆರೆಗಳ ನಡುವಿನ ಅಂತರ ಒಂದೇ ಸಮನಾಗಿರಲಿಲ್ಲ. ಟ್ಯಾಂಕಿನ ಆಕಾರವೇ ಹಾಗೆ. ಹಿರೇಕೆರೂರಿನಿಂದ ಬಂದ ರಾತ್ರಿ ಬೆತ್ತ ತೋರಿಸಿ, "ನೋಡ್ರಿ ಸಾವ್ಕಾರ್ರ, ಅರ್ಧಕ್ಕಿಂತ ಜಾಸ್ತಿ ಐತಿ" ಎಂದರು. ಅವರು ಅತ್ತ ಹೋದ ಮೇಲೆ ಮಾಮೂ ನನಗೆ ಹೇಳಿದ್ದು, "ಬೆತ್ತಾನೂ ಅವಂದ, ಗೆರಿನೂ ಅವಂದ. ಮಶೀನು ಯಾಕ ಸುಳ್ಳು ಹೇಳತೈತಿ?"

ಗಾಡಿಯನ್ನು ಶಿಗ್ಗಾವಿಗೆ ಒಯ್ಯೋಣ ಎಂದವನು ನಾನು. ಅಲ್ಲಿನ ವಯಸ್ಸಾದ ಮಿಸ್ತ್ರಿ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿದರು: "ಟೆಂಪರೇಚರ್ ಮುಳ್ಳು ಹೆಂಗೈತಿ?" ಅದು ಸರಿಯಾಗಿತ್ತು. ಇಂಥ ಗಾಡಿಗಳಲ್ಲಿ ಎರಡೂ ಮೀಟರಿಗೆ ಸುಮಾರು 10 ವೋಲ್ಟ್ ಕೊಡುವ ಸ್ಟೆಬಿಲೈಸರ್ ಎಂಬ ಸಣ್ಣ ಡಬ್ಬಿ ಇರುತ್ತದೆ. ಎರಡೂ ಮುಳ್ಳು ಒಟ್ಟಿಗೆ ತಪ್ಪು ಹೇಳಿದರೆ ಕೈ ಮೊದಲು ಅಲ್ಲಿಗೆ ಹೋಗಬೇಕು. ಒಂದೇ ತಪ್ಪುತ್ತಿದ್ದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಅವಸರ ಬೇಡ. ಹೊಸ ಹುಡುಗರು ಮೊದಲು ಅದನ್ನೇ ಬಿಚ್ಚುತ್ತಾರಂತೆ, ಕಣ್ಣಿಗೆ ಕಾಣುವುದು ಅದೇ ತಾನೇ!

ಮಿಸ್ತ್ರಿ ಹಿಂದಕ್ಕೆ ಹೋದರು. ಟ್ಯಾಂಕಿನೊಳಗೆ ಎಣ್ಣೆಯ ಮೇಲೆ ತೇಲುವ ಒಂದು ಬುರುಡೆ, ಅದರ ತೋಳು, ತೋಳು ಸವರಿಕೊಂಡು ಆಡುವ ತಂತಿಸುರುಳಿ ಇರುತ್ತವೆ. ಬುರುಡೆ ಏರಿದರೆ ಕರೆಂಟಿಗೆ ತಡೆ ಕಡಿಮೆ, ಇಳಿದರೆ ಹೆಚ್ಚು. ಅಲ್ಲಿಂದ ಮೀಟರಿಗೆ ಒಂದೇ ವೈರು. ಕೀ ಆನ್ ಮಾಡಿಸಿ ಆ ವೈರು ಕಿತ್ತರು. ಮುಳ್ಳು ಪೂರ್ತಿ ಮಲಗಿತು. ವೈರಿನ ತುದಿಯನ್ನು ಬಾಡಿಗೆ ತಾಗಿಸಿದರು. ಮುಳ್ಳು ಮೆಲ್ಲಗೆ, ಮುದುಕರು ಮೆಟ್ಟಿಲು ಹತ್ತಿದಂತೆ, ತುಂಬಿದ ಗುರುತಿನವರೆಗೆ ಹೋಯಿತು. ಒಳಗೆ ಎರಡು ಲೋಹ ಅಂಟಿಸಿದ ಪಟ್ಟಿಯೊಂದು ಕಾಯ್ದು ಬಾಗಬೇಕು, ಅದಕ್ಕೇ ಆ ನಿಧಾನ. ತಾಗಿಸುವುದು ಒಂದೆರಡು ಕ್ಷಣ ಮಾತ್ರ, ಹೆಚ್ಚಾದರೆ ಮೀಟರ್ ಸುಟ್ಟೀತು. ಪೆಟ್ರೋಲ್ ಗಾಡಿಯಾದರೆ ಟ್ಯಾಂಕಿನ ಹತ್ತಿರ ಕಿಡಿ ಹಾರಿಸುವ ಈ ಆಟವೇ ಬೇಡ. ಇನ್ನೂ ಹಳೆಯ ಕಾಲದ ಕೆಲವು ಮೀಟರುಗಳು ಇದಕ್ಕೆ ಉಲ್ಟಾ: ವೈರು ಕಿತ್ತರೆ ತುಂಬಿದೆ ಎನ್ನುತ್ತವೆ, ತಾಗಿಸಿದರೆ ಖಾಲಿ ಎನ್ನುತ್ತವೆ.

ಅಂದರೆ ಮೀಟರೂ ಸರಿ, ವೈರೂ ಸರಿ. ಮಿಸ್ತ್ರಿ ವೈರನ್ನು ಮತ್ತೆ ಅದರ ಜಾಗಕ್ಕೆ ಹಾಕಿ, ಬೇರೊಂದು ತುಂಡು ವೈರಿನ ಒಂದು ತುದಿಯನ್ನು ಟ್ಯಾಂಕಿನ ಯೂನಿಟ್ಟಿನ ಮೈಗೆ, ಇನ್ನೊಂದನ್ನು ಉಜ್ಜಿ ಹೊಳೆಯಿಸಿದ ಬಾಡಿಗೆ ಹಿಡಿದರು. ಕಾಲಿನ ಕೆಳಗಿದ್ದ ಮುಳ್ಳು ಎದ್ದು ಅರ್ಧ ದಾಟಿ ನಿಂತಿತು. ಕಾಕಾ ಏನೂ ಹೇಳದೆ ಬೆತ್ತ ಇಳಿಬಿಟ್ಟು ತೆಗೆದು ಮಾಮೂ ಅವರ ಕೈಗೆ ಕೊಟ್ಟರು.

"ಅರ್ಥ್ ಹೋಗೇತಿ, ಮತ್ತೇನಿಲ್ಲ" ಎಂದರು ಮಿಸ್ತ್ರಿ. ಮೀಟರಿನಿಂದ ಬಂದ ಕರೆಂಟು ಟ್ಯಾಂಕಿನ ಲೋಹದ ಮೂಲಕ ಬಾಡಿಗೆ ಮರಳಬೇಕು. ವಯಸ್ಸಾದ ಗಾಡಿ, ಆ ದಾರಿಯಲ್ಲಿ ತುಕ್ಕು ಕೂತಿತ್ತು. ತುಕ್ಕೂ ಒಂದು ತಡೆಯೇ. ತಡೆ ಹೆಚ್ಚಾದರೆ ಮೀಟರಿಗೆ ಎಣ್ಣೆ ಕಡಿಮೆಯಾದಂತೆ. ಹಾನಗಲ್ ದಾಟಿದ ಮೇಲಿನ ಕುಲುಕಾಟಕ್ಕೆ ಜೋಡಣೆ ಸಡಿಲಾದಾಗಲೆಲ್ಲ ಕಾಕಾ ಡೀಸೆಲ್ ಕದ್ದಂತೆ. ಕುಲುಕಾಟದಲ್ಲೇ ಜೋಡಣೆ ಕೂತು ಮುಳ್ಳು ತಾನಾಗಿ ಮೇಲೇರಿದ ದಿನಗಳೂ ಇದ್ದವು. ಆ ದಿನ ಕಾಕಾ ತಮ್ಮ ಕಿಸೆಯಿಂದ ಡೀಸೆಲ್ ಹಾಕಿರಬಹುದು ಎಂದು ಮಾತ್ರ ಯಾರೂ ಗುಮಾನಿ ಪಟ್ಟಿರಲಿಲ್ಲ.

ತುಕ್ಕು ಉಜ್ಜಿ ಹೊಸ ಅರ್ಥ್ ವೈರು ಬಿಗಿಯಲು ಅರ್ಧ ತಾಸು ಸಾಕಾಯಿತು. ಮಾಮೂ ಅಲ್ಲಿಯೇ ಬೀಗದ ಕೈ ತೆಗೆದು ಕಾಕಾ ಅವರ ಅಂಗೈಯಲ್ಲಿಟ್ಟರು. ಕಾಕಾ ತೆಗೆದುಕೊಂಡರು. ಆ ಸುಗ್ಗಿ ಮುಗಿಯುವವರೆಗೆ ಒಂದು ಬಾಡಿಗೆಯನ್ನೂ ತಪ್ಪಿಸಲಿಲ್ಲ. ಮುಗಿದ ಮೇಲೆ ಶಾಲೆಯ ವ್ಯಾನ್ ಒಂದಕ್ಕೆ ಸೇರಿಕೊಂಡರು. ಮಾಮೂ ಎರಡು ಸಲ ಮನೆಗೆ ಹೋಗಿ ಕರೆದರು. ಎರಡು ಸಲವೂ ಚಹಾ ಕೊಟ್ಟು ಕಳಿಸಿದರಂತೆ.